ಒಂಬತ್ತು ಖಾಲಿ ಬೋರ್ಡುಗಳು

ಬೋರ್ಡಣ್ಣನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಬಕೆಟ್ ಸುಣ್ಣ. ಸಚಿವಾಲಯದ ಹಿತ್ತಿಲಲ್ಲಿ ಅವನ ಪಾಲಿಗಿದ್ದ ಒಂದೇ ಒಂದು ಕೋಣೆಗೆ ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಸುಣ್ಣ ಬಳಿಯಬೇಕೆಂದು ಯಾರಿಗೋ ತೋಚಿತು. ಕುಳಿತು ಕೆಲಸ ಮಾಡಲು ಜಾಗವಿಲ್ಲದೆ ಅವನು ಒಂಬತ್ತು ಖಾಲಿ ಹಲಗೆಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದ. ಬಿಳಿ ಪ್ರೈಮರ್ ಬಳಿದ. ಬೆಳಿಗ್ಗೆ ಎದ್ದವನೇ ಅವುಗಳನ್ನು ಬಿಸಿಲಿಗೆ ಒಣಗಲೆಂದು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ, ಹಲ್ಲುಜ್ಜಲು ಒಳಗೆ ಹೋದ.

ಬೋರ್ಡಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಸಚಿವಾಲಯದ ಬಾಗಿಲುಗಳ ಮೇಲೆ ಹೆಸರು ಬರೆಯುವುದು ಅವನ ಉದ್ಯೋಗ. ಸಚಿವರು ಬಂದರೆ ಬರೆಯುತ್ತಿದ್ದ, ಹೋದರೆ ಟರ್ಪೆಂಟೈನ್ ಹಾಕಿ ಒರೆಸುತ್ತಿದ್ದ. ಸರ್ಕಾರ ಕೊಳ್ಳುತ್ತಿದ್ದುದು ಒಂದೇ ಅಳತೆಯ ಹಲಗೆ. ಸಚಿವರ ಕೊಠಡಿಗೂ ಅದೇ, ಶೌಚಾಲಯಕ್ಕೂ ಅದೇ. ಖರೀದಿ ವಿಭಾಗದವರ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಈಗ ತಂದ ಒಂಬತ್ತು ಹಲಗೆಗಳು ಹೊಸ ಕಟ್ಟಡದ ಒಂಬತ್ತು ಶೌಚಾಲಯಗಳಿಗೆ.

ಕೆಲಸ ಹನ್ನೆರಡು ವರ್ಷದ್ದಾದರೂ ಅವನಿನ್ನೂ ತಾತ್ಕಾಲಿಕ. ಅವನನ್ನು ಕಾಯಂ ಮಾಡುವ ಫೈಲು ಇದುವರೆಗೆ ನಾಲ್ಕು ಸಲ ಕಾಮಗಾರಿ ಸಚಿವರ ಮೇಜಿನವರೆಗೆ ಹೋಗಿತ್ತು. ನಾಲ್ಕು ಸಲವೂ ಮೇಜು ಅಲ್ಲೇ ಇತ್ತು, ಸಚಿವರು ಬದಲಾದರು. ಹೊಸಬರ ಹೆಸರನ್ನು ಬಾಗಿಲ ಮೇಲೆ ತನ್ನ ಕೈಯಾರೆ ಬರೆದು, ಮತ್ತೆ ಮೊದಲಿನಿಂದ ಅರ್ಜಿ ಬರೆಯುವುದು ಬೋರ್ಡಣ್ಣನಿಗೆ ರೂಢಿಯಾಗಿಬಿಟ್ಟಿತ್ತು. ಹೀಗಾಗಿ ಈಗಿನ ಕಾಮಗಾರಿ ಸಚಿವರ ಕುರ್ಚಿ ಗಟ್ಟಿಯಾಗಿರಲಿ ಎಂದು ಅವರ ಮನೆಯವರಿಗಿಂತ ಹೆಚ್ಚಾಗಿ ಹಾರೈಸುತ್ತಿದ್ದವನು ಅವನೇ.

ಈ ಸಲ ಮತ್ತೊಂದು ತೊಡಕಿತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಸರ್ಕಾರ ಮುಂದಿನ ವರ್ಷ ತರಲಿರುವ ಹದಿನೇಳು ಕಾನೂನುಗಳ ಪಟ್ಟಿಯನ್ನು ಸಂಸತ್ತಿನಲ್ಲಿ ಓದಲಿದ್ದರು. ಪಟ್ಟಿ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ಎರಡನೆಯದು ಕಾನೂನುಗಳನ್ನು ಸರಳಗೊಳಿಸುವ ಕಾನೂನು, ನಾನೂರ ಹನ್ನೆರಡು ಪುಟ. ಬೋರ್ಡಣ್ಣನಿಗೆ ಸಂಬಂಧಪಟ್ಟದ್ದು ಹನ್ನೊಂದನೆಯದು. ಪಟ್ಟಿ ಓದುವ ಹೊತ್ತಿಗೆ ಯಾರು ಕಾಯಂ ಆಗಿಲ್ಲವೋ ಅಂಥ ತಾತ್ಕಾಲಿಕ ನೌಕರರ ಹುದ್ದೆಗಳೆಲ್ಲ ರದ್ದು. ಫೈಲು ಹಲಗೆ ಒಣಗಲಿಟ್ಟ ದಿನವೇ ಮಧ್ಯಾಹ್ನ ಮೂರು ಗಂಟೆಗೆ ಸಚಿವರ ಮುಂದೆ ಬರುವುದಿತ್ತು. ಸಹಿ ಬಿದ್ದರೆ ಮನೆ ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಅವನು ಬಾಯಿ ಮುಕ್ಕಳಿಸಿ ಹೊರಗೆ ಬರುವಷ್ಟರಲ್ಲಿ ಎದುರುಮನೆಯ ವಿಮೆ ಏಜೆಂಟರು ಗೋಡೆಯ ಮುಂದೆ ನಿಂತು ಹಲಗೆ ಎಣಿಸುತ್ತಿದ್ದರು.

"ಬೋರ್ಡಣ್ಣ, ಒಂಬತ್ತಾ?"

"ಹೌದು, ಒಂಬತ್ತು."

"ಸಂಪುಟ ಬದಲಾವಣೆ ಅಂತ ಒಂದು ತಿಂಗಳಿಂದ ಪೇಪರ್‌ನಲ್ಲಿ ಬರ್ತಾನೇ ಇದೆ. ಎಷ್ಟು ಜನ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ಅನ್ನಿ!"

"ಅಯ್ಯೋ, ಇವು ಶೌಚಾಲಯದ ಬೋರ್ಡು."

ಏಜೆಂಟರು ಕಣ್ಣು ಕಿರಿದು ಮಾಡಿ ನಕ್ಕರು. ಮೂವತ್ತು ವರ್ಷ ವಿಮೆ ಮಾರಿದವರು. ಎದುರಿಗಿದ್ದವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ತಮಗೆ ಮುಖ ನೋಡಿದರೇ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. "ಆಯ್ತು ಬಿಡಿ, ಶೌಚಾಲಯದ್ದೇ," ಎಂದರು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಬೋರ್ಡಣ್ಣನ ಹೆಂಡತಿ ಬಟ್ಟೆ ಒಣಹಾಕುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ಈ ಬೀದಿಗೆ ಬಂದ ದಿನದಿಂದ, ನನ್ನ ಗಂಡ ಸಚಿವರ ಹೆಸರು ಬರೆಯುವವರು ಎಂದು ಹೇಳಿಕೊಂಡು ಬಂದಿದ್ದಳು. ಶೌಚಾಲಯದ ಸುದ್ದಿಯನ್ನು ಇಷ್ಟು ವರ್ಷ ಜೋಪಾನವಾಗಿ ಮುಚ್ಚಿಟ್ಟಿದ್ದಳು. ಗಂಡ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಗೇಟಿನ ಹತ್ತಿರ ಬಂದಳು.

"ಅವರು ಹಾಗೇ ಹೇಳೋದು ಅಣ್ಣಾ. ದೊಡ್ಡವರ ಕೆಲಸ ನೋಡಿ, ಹೊರಗೆ ಬಾಯಿ ಬಿಡೋ ಹಾಗಿಲ್ಲ. ನೀವೂ ಯಾರಿಗೂ ಹೇಳ್ಬೇಡಿ."

"ಛೆ ಛೆ, ನಾನ್ಯಾರಿಗೆ ಹೇಳ್ಲಮ್ಮ," ಎಂದ ಏಜೆಂಟರು ನೆಟ್ಟಗೆ ಮನೆಗೆ ಹೋಗಿ ತಮ್ಮ ಷಡ್ಡಕನಿಗೆ ಫೋನ್ ಮಾಡಿದರು. ಷಡ್ಡಕ ಹಣಕಾಸು ಸಚಿವರ ಕಾರಿನ ಡ್ರೈವರ್.

ಬೋರ್ಡಣ್ಣ ಒಣಗಿದ ಹಲಗೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹತ್ತೂವರೆಗೆ ಸಚಿವಾಲಯ ಮುಟ್ಟಿದ. ಹನ್ನೆರಡು ವರ್ಷ ದಿನವೂ ಅವನ ಗುರುತಿನ ಚೀಟಿ ಕೇಳಿ, ಉಲ್ಟಾ ಹಿಡಿದು ನೋಡಿ ಒಳಗೆ ಬಿಡುತ್ತಿದ್ದ ಗೇಟಿನ ಕಾವಲುಗಾರ ಅಂದು ಎದ್ದು ಸಲ್ಯೂಟ್ ಹೊಡೆದ. ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂದುಕೊಂಡು ಬೋರ್ಡಣ್ಣ ಪಕ್ಕಕ್ಕೆ ಸರಿದು ನಿಂತ. ಹಿಂದೆ ಯಾರೂ ಇರಲಿಲ್ಲ.

ಸುಣ್ಣದ ಕೆಲಸ ಮುಗಿಯದ ಕಾರಣ ಅವನಿಗೆ ಸೂಪರಿಂಟೆಂಡೆಂಟರ ಕೋಣೆಯ ಮೂಲೆಯಲ್ಲಿ ಜಾಗ ಕೊಟ್ಟಿದ್ದರು. ಎದುರಿಗೆ ನಿಂತವರನ್ನು ತಲೆಯೆತ್ತಿ ನೋಡುವ ಅಭ್ಯಾಸವೇ ಇಲ್ಲದ ಮನುಷ್ಯ ಅವರು. ಆವತ್ತು ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ಟವೆಲಿನಿಂದ ಒರೆಸಿದರು.

"ಬನ್ನಿ, ಕೂತ್ಕೊಳ್ಳಿ. ಟೀ ಹೇಳ್ಲಾ?"

"ಬೇಡ ಸಾರ್. ನನ್ನ ಫೈಲು ಮೂರು ಗಂಟೆಗೆ..."

"ಫೈಲು ಹೋಗುತ್ತೆ ಬಿಡಿ. ಮೊದಲು ಟೀ." ಟೀ ಬಂತು. ಸೂಪರಿಂಟೆಂಡೆಂಟರು ಧ್ವನಿ ತಗ್ಗಿಸಿದರು. "ಒಂಬತ್ತಂತೆ?"

"ಸಾರ್, ಅವು ಶೌಚಾಲಯದ್ದು. ನೀವೇ ಅಲ್ವಾ ಮೊನ್ನೆ ಆರ್ಡರ್ ಕೊಟ್ಟಿದ್ದು?"

ಸೂಪರಿಂಟೆಂಡೆಂಟರು ತಬ್ಬಿಬ್ಬಾದರು. ಆರ್ಡರಿಗೆ ಸಹಿ ಹಾಕಿದ್ದು ಅವರಿಗೆ ನೆನಪಿತ್ತು. ಸ್ವಲ್ಪ ಯೋಚಿಸಿ, "ಹೌದೌದು, ನನಗೂ ಗೊತ್ತಾಗದ ಹಾಗೆ ನನ್ನ ಕೈಯಲ್ಲೇ ಮಾಡಿಸಿದ್ದಾರೆ ಅನ್ನಿ. ಮೇಲಿನವರ ತಲೆಯೇ ತಲೆ," ಎಂದರು.

ಹನ್ನೊಂದು ಗಂಟೆಯ ಹೊತ್ತಿಗೆ ಸಚಿವರುಗಳ ಆಪ್ತ ಸಹಾಯಕರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಬಂದ, ಅವನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಇನ್ನೊಬ್ಬ ಗಡಿಯಾರ ಸರಿಯಿದೆಯೇ ನೋಡಲು ಬಂದ, ಆ ಕೋಣೆಯಲ್ಲಿ ಗಡಿಯಾರವೇ ಇರಲಿಲ್ಲ. ಅವರ ನಡುವೆ ದೊಡ್ಡ ಚರ್ಚೆಯೂ ಎದ್ದಿತು. ಹೊಸ ಬೋರ್ಡು ಬರುವುದು ಒಳ್ಳೆಯದೋ ಕೆಟ್ಟದ್ದೋ? ಹೊಸ ಬೋರ್ಡೆಂದರೆ ಹೊಸ ಖಾತೆ, ಬಡ್ತಿಯೂ ಇರಬಹುದು ಎಂದ ಒಬ್ಬ. ಹಳೆಯ ಬೋರ್ಡು ಉಳಿದರೆ ತಾನೇ ಕುರ್ಚಿ ಉಳಿಯುವುದು ಎಂದ ಮತ್ತೊಬ್ಬ. ತೀರ್ಮಾನವಾಗದೆ ಎಲ್ಲರೂ ಬೋರ್ಡಣ್ಣನ ಕಡೆ ತಿರುಗಿದರು.

"ಹೆಸರು ಹೇಳ್ಬೇಡಪ್ಪ, ನಿನ್ನ ಧರ್ಮ ನಿನಗೆ. ಎಷ್ಟು ಅಕ್ಷರ ಅಂತ ಹೇಳು, ಸಾಕು."

ಬೋರ್ಡಣ್ಣ ಸೀಸದ ಕಡ್ಡಿಯಿಂದ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದ. 'ಶೌಚಾಲಯ' ಎಂದು ಬೆರಳು ಮಡಿಸಿ ಎಣಿಸಿ, "ನಾಲ್ಕು," ಎಂದ.

"ಒಂಬತ್ತಕ್ಕೂ ನಾಲ್ಕೇನಾ?"

"ಒಂಬತ್ತಕ್ಕೂ ನಾಲ್ಕೇ."

ಕೋಣೆ ಒಂದೇ ಕ್ಷಣದಲ್ಲಿ ಖಾಲಿಯಾಯಿತು. ಕಾರಿಡಾರಿನ ಉದ್ದಕ್ಕೂ ವಿದ್ಯಾವಂತರಾದ ಗಂಡಸರು ಬೆರಳು ಮಡಿಸುತ್ತ ಓಡಾಡುವುದು ಕಾಣಿಸಿತು. ನಾಲ್ಕಕ್ಷರದ ಸಚಿವರು ಮೂರೇ ಜನ ಸಿಕ್ಕಿದ್ದರಿಂದ, ಇನಿಷಿಯಲ್ ಸೇರಿಸಿಯೋ ಬಿಟ್ಟೋ ಉಳಿದ ಆರು ಜನರನ್ನು ಅವರೇ ಹೊಂದಿಸಿಕೊಂಡರು.

ಎರಡೂವರೆಗೆ ಕಾಮಗಾರಿ ಸಚಿವರಿಂದ ಕರೆ ಬಂತು. ಮೂರಕ್ಕೆ ಬರಬೇಕಾದದ್ದು ಅರ್ಧ ಗಂಟೆ ಮೊದಲೇ ಬಂತಲ್ಲ ಎಂದು ಬೋರ್ಡಣ್ಣನ ಎದೆ ಹಿಗ್ಗಿತು. ಕೈಗೆ ಹತ್ತಿದ್ದ ಸೀಸದ ಪುಡಿ ಒರೆಸಿಕೊಂಡು ಓಡಿದ.

ಬಾಗಿಲಲ್ಲಿ ಸಚಿವರ ಆಪ್ತ ಸಹಾಯಕ ನಿಂತಿದ್ದ. ಎಂಥ ಕಾಗದ ಬಂದರೂ ಹೋದರೂ ಅದರ ಮೂಲೆಯಲ್ಲಿ ಗಂಟೆ ನಿಮಿಷ ಬರೆದಿಡುವುದು ಈತನ ವ್ರತ. ಹೆಂಡತಿ ಕಳಿಸುವ ತರಕಾರಿ ಚೀಟಿಯ ಮೇಲೂ ಬರೆಯುತ್ತಾನೆಂದು ಆಫೀಸಿನಲ್ಲಿ ಆಡಿಕೊಳ್ಳುತ್ತಿದ್ದರು. ಬೋರ್ಡಣ್ಣನನ್ನು ಒಳಗೆ ಬಿಟ್ಟು ಗಡಿಯಾರ ನೋಡಿಕೊಂಡ.

ಸಚಿವರು ಮುಖ ಬಾಡಿಸಿಕೊಂಡು ಕೂತಿದ್ದರು. ಮೇಜಿನ ಮೇಲೆ ಬೋರ್ಡಣ್ಣನ ಫೈಲು ತೆರೆದಿತ್ತು. ಸಹಿ ಹಾಕುವ ಜಾಗದಲ್ಲಿ ಪೆನ್ನು ಅಡ್ಡ ಮಲಗಿತ್ತು.

"ಬಾಪ್ಪ. ಈ ಬಾಗಿಲ ಮೇಲೆ ನನ್ನ ಹೆಸರು ಬರೆದವನು ನೀನೇ ಅಲ್ವಾ?"

"ಹೌದು ಸಾರ್. ಎರಡು ಕೋಟಿಂಗ್ ಕೊಟ್ಟಿದ್ದೆ."

"ನಿನ್ನ ಫೈಲು ಇದೆ. ಪೆನ್ನೂ ಇದೆ. ನನಗೊಂದು ಮಾತು ಹೇಳಿಬಿಡು. ಆ ಒಂಬತ್ತರಲ್ಲಿ ನಾನಿದ್ದೀನಾ?"

"ಸಾರ್, ನನ್ನ ಮಕ್ಕಳಾಣೆಗೂ ಅವು ಶೌಚಾಲಯದ ಬೋರ್ಡು."

"ನೋಡು, ನಾಳೆ ಹತ್ತು ಗಂಟೆಗೆ ಆ ಹನ್ನೊಂದನೇ ಕಾನೂನು ಓದ್ತಾರೆ. ಆಮೇಲೆ ನಾನು ಸಹಿ ಹಾಕಿದ್ರೂ ಪ್ರಯೋಜನ ಇಲ್ಲ. ಯೋಚನೆ ಮಾಡು."

"ಯೋಚನೆ ಮಾಡೋದೇನಿದೆ ಸಾರ್? ಶೌಚಾಲಯದ್ದು. ಗಂಡಸರದ್ದು ಐದು, ಹೆಂಗಸರದ್ದು ನಾಲ್ಕು."

ಬೋರ್ಡಣ್ಣನ ಕಣ್ಣಲ್ಲಿ ನೀರು ಬಂದಿತ್ತು. ಸಚಿವರು ಆ ನೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಅನ್ನದ ಪ್ರಶ್ನೆ ಬಂದ್ರೂ ಬಾಯಿ ಬಿಡ್ಲಿಲ್ಲ ನೀನು. ಅಂದ್ಮೇಲೆ ವಿಷಯ ಎಷ್ಟು ಗಟ್ಟಿ ಇರ್ಬೇಕು! ಪ್ರಧಾನಿಗಳು ಸರಿಯಾದ ಮನುಷ್ಯನ್ನೇ ನಂಬಿದ್ದಾರೆ." ಅವರು ಪೆನ್ನು ತೆಗೆದುಕೊಂಡರು, ಆದರೆ ಫೈಲನ್ನು ಬದಿಗೆ ಸರಿಸಿ ಒಂದು ಬಿಳಿ ಹಾಳೆ ಎಳೆದುಕೊಂಡರು. "ಕತ್ತು ಹಿಡಿದು ನೂಕಿಸಿಕೊಳ್ಳೋದಕ್ಕಿಂತ ನಾನೇ ಹೋಗೋದು ಮರ್ಯಾದೆ. ಹಣಕಾಸಿನವರೂ ಬರೆದು ಕೊಟ್ಟಾಯ್ತಂತೆ."

ರಾಜೀನಾಮೆ ಮೂರೇ ಸಾಲಿನಲ್ಲಿ ಮುಗಿಯಿತು. ಆಪ್ತ ಸಹಾಯಕ ಒಳಗೆ ಬಂದು ಮೂಲೆಯಲ್ಲಿ ಗಂಟೆ ನಿಮಿಷ ಬರೆದು, ಕಾಗದವನ್ನೂ ಪೆನ್ನನ್ನೂ ಎತ್ತಿಕೊಂಡು ಪಕ್ಕದ ಕಟ್ಟಡದ ಪ್ರಧಾನಿ ಕಚೇರಿಗೆ ಹೊರಟ.

ಬೋರ್ಡಣ್ಣನಿಗೆ ಐದನೆಯ ಸಲವೂ ಮೇಜು ಉಳಿದು ಸಚಿವರು ಹೋಗುವುದನ್ನು ಈಗ ಕಣ್ಣಾರೆ ನೋಡಿದಂತಾಗಿತ್ತು. ಅಷ್ಟರಲ್ಲಿ ಸಚಿವರು ಫೈಲನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಅಳಬೇಡ. ನಿನ್ನಂಥ ನಿಯತ್ತಿನ ಮನುಷ್ಯನಿಗೆ ನನ್ನ ಕೊನೇ ಸಹಿ. ಪೆನ್ನು ಕೊಡು."

ಬೋರ್ಡಣ್ಣ ಜೇಬು ತಡಕಿದ. ಸೀಸದ ಕಡ್ಡಿ ಇತ್ತು, ಎರಡನೆಯ ನಂಬರಿನ ಬ್ರಷ್ ಇತ್ತು. ಬ್ರಷ್ಷನ್ನೇ ಮುಂದೆ ಚಾಚಿದ. ಸಚಿವರು ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. ಮೇಜಿನ ಖಾನೆಗಳಲ್ಲಿ ಮಾತ್ರೆ ಇತ್ತು, ಹಳೆಯ ಕನ್ನಡಕ ಇತ್ತು, ಪೆನ್ನು ಮಾತ್ರ ಇರಲಿಲ್ಲ.

ಬೋರ್ಡಣ್ಣ ಸೂಪರಿಂಟೆಂಡೆಂಟರ ಕೋಣೆಗೆ ಓಡಿದ. ಬೇರೆ ದಿನವಾಗಿದ್ದರೆ ಅವರು ತಲೆಯೆತ್ತದೆ ಪೆನ್ನು ಎಸೆದು, ಹೋಗು ಎನ್ನುತ್ತಿದ್ದರು. ಆ ದಿನ ಎದ್ದು ನಿಂತರು.

"ಬನ್ನಿ ಬನ್ನಿ, ಕೂತ್ಕೊಳ್ಳಿ."

"ಸಾರ್, ಪೆನ್ನು! ಅರ್ಜೆಂಟು!"

"ನಿಮಗೆ ಎಂಥೆಂಥದ್ದೋ ಪೆನ್ನು ಕೊಡೋಕಾಗುತ್ತಾ?" ಎಂದು ಅವರು ಬೀರುವಿನ ಬೀಗದ ಕೈ ಹುಡುಕಿದರು. ಬೀಗ ತೆಗೆದರು. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಪೆನ್ನು ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಶಾಯಿ ತುಂಬಬೇಕಿತ್ತು. ತುಂಬಿದರು. ಹಾಳೆಯ ಮೇಲೆ ಗೀಚಿ ನೋಡಿದರು. ನಿಬ್ಬು ತೊಳೆದರು. ಮತ್ತೆ ಗೀಚಿದರು. ಬೋರ್ಡಣ್ಣ ಅದನ್ನು ಕಸಿದುಕೊಂಡೇ ಓಡಿದ.

ಕೊನೆಗೂ ಸಚಿವರು ಸಹಿ ಹಾಕಿದರು. ಹಿಂದಿರುಗಿದ್ದ ಆಪ್ತ ಸಹಾಯಕ ಮೂಲೆಯಲ್ಲಿ ಗಂಟೆ ನಿಮಿಷ ಬರೆದ. ಬೋರ್ಡಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನ್ ಮಾಡಿದ.

"ಸಹಿ ಆಯ್ತು ಕಣೇ!"

ಹೆಂಡತಿಗೆ ಸಂತೋಷಪಡುವ ಪುರಸೊತ್ತು ಇರಲಿಲ್ಲ. "ರೀ, ಟಿವಿ ನೋಡಿದ್ರಾ? ಒಂಬತ್ತು ಜನ ರಾಜೀನಾಮೆ ಕೊಟ್ರಂತೆ. ಗುಟ್ಟು ಹೊರಗೆ ಬಿಟ್ಟೋರು ಯಾರು ಅಂತ ವಿಚಾರಣೆ ಮಾಡ್ತಾರಂತೆ. ನನಗೆ ಎದೆ ಢವಢವ ಅಂತಿದೆ. ಬೆಳಿಗ್ಗೆ ಏಜೆಂಟ್ ಅಣ್ಣನ ಹತ್ರ ನಾನೇ... ಏನೋ ಒಂದು ಮಾತು ಅಂದುಬಿಟ್ಟೆ."

ಬೋರ್ಡಣ್ಣನಿಗೆ ಸಲ್ಯೂಟು, ಕುರ್ಚಿ, ಟೀ ಎಲ್ಲದರ ಮೂಲ ಆಗ ತಿಳಿಯಿತು. ಆದರೂ ಸಹಿಯಾದ ಖುಷಿಯಲ್ಲಿ ಸಿಟ್ಟು ಬರಲಿಲ್ಲ. "ನೀನೇ ಶುರು ಮಾಡಿದ್ದು, ನೀನೇ ಸರಿ ಮಾಡು. ಮನೆ ಮನೆಗೂ ಹೋಗಿ ನಿಜ ಹೇಳ್ಬಿಟ್ಟು ಬಾ," ಎಂದು ಫೋನ್ ಇಟ್ಟ.

ಐದು ಗಂಟೆಗೆ ಸೂಪರಿಂಟೆಂಡೆಂಟರು ಕರೆದರು. ಕುರ್ಚಿ ಕೊಡಲಿಲ್ಲ.

"ನಿನ್ನ ಫೈಲು ವಾಪಸ್ ಬಂದಿದೆ."

"ಸಹಿ ಇದೆಯಲ್ಲ ಸಾರ್!"

"ಸಹಿ ಇದೆ. ಮೂರು ಗಂಟೆ ಹನ್ನೊಂದು ನಿಮಿಷಕ್ಕೆ. ರಾಜೀನಾಮೆ ಅಂಗೀಕಾರ ಆಗಿದ್ದು ಮೂರು ಗಂಟೆ ನಾಲ್ಕು ನಿಮಿಷಕ್ಕೆ. ಮೂರು ಹನ್ನೊಂದಕ್ಕೆ ಅವರು ಸಚಿವರೇ ಅಲ್ಲ. ದಾರಿಯಲ್ಲಿ ಹೋಗೋರು ಸಹಿ ಹಾಕಿದ್ರೆ ನಡೆಯುತ್ತೇನಯ್ಯಾ?" ಎಂದು ಕೈ ಚಾಚಿದರು. "ನನ್ನ ಪೆನ್ನು ಎಲ್ಲಿ?"

ಬೋರ್ಡಣ್ಣ ಪೆನ್ನು ಕೊಟ್ಟ. ಏಳು ನಿಮಿಷ! ಆ ಏಳು ನಿಮಿಷ ಬೀರು, ಪೆಟ್ಟಿಗೆ, ಶಾಯಿ ಎಂದು ಇದೇ ಕೋಣೆಯಲ್ಲಿ ಕಳೆದಿತ್ತು.

ಪ್ರಧಾನಿಗಳಿಗೆ ಯಾರನ್ನೂ ಬದಲಾಯಿಸುವ ಯೋಚನೆಯೇ ಇರಲಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಒಂಬತ್ತು ರಾಜೀನಾಮೆಗಳು ಬಿದ್ದಿದ್ದವು. ಬೇಡ ಎಂದರೆ ಕೈಲಾಗದವರು ಎನ್ನುತ್ತಾರೆ ಎಂದು ಎಲ್ಲವನ್ನೂ ಅಂಗೀಕರಿಸಿಬಿಟ್ಟರು. ಆಮೇಲೆ ಹೊಸಬರನ್ನು ಹುಡುಕುವ ತಾಪತ್ರಯ ಬೇಡವೆಂದು ಅದೇ ಒಂಬತ್ತು ಜನರನ್ನು ಒಬ್ಬರ ಖಾತೆಗೆ ಇನ್ನೊಬ್ಬರಂತೆ ಅದಲು ಬದಲು ಮಾಡಿ ಐದೂವರೆಗೆ ಪ್ರಮಾಣವಚನ ಮಾಡಿಸಿದರು. ಜನರಿಗೆ ಹೊಸತನ ಬೇಕಾಗಿದೆ ಎಂದು ಪತ್ರಕರ್ತರಿಗೆ ಹೇಳಿದರು.

ಒಂಬತ್ತು ಹೊಸ ಖಾತೆಗೆ ಒಂಬತ್ತು ಹೊಸ ಬೋರ್ಡು ಬೇಕಾಯಿತು. ಪ್ರೈಮರ್ ಒಣಗಿ ಸಿದ್ಧವಾಗಿದ್ದದ್ದು ಶೌಚಾಲಯಕ್ಕೆಂದು ತಂದಿದ್ದ ಆ ಒಂಬತ್ತೇ ಹಲಗೆಗಳು. ಬೋರ್ಡಣ್ಣ ಸಂಜೆ ಏಳರವರೆಗೆ ಕೂತು ಅವುಗಳ ಮೇಲೆ ಸಚಿವರ ಹೆಸರುಗಳನ್ನು ಬರೆದ. ಕಾಮಗಾರಿ ಸಚಿವರಿಗೆ ಕಾನೂನು ಖಾತೆ ಸಿಕ್ಕಿತ್ತು. ನಾಳೆ ಹತ್ತು ಗಂಟೆಗೆ ಹನ್ನೊಂದನೆಯ ಕಾನೂನನ್ನು ಓದುವವರು ಅವರೇ. ಕಾಮಗಾರಿಗೆ ಬಂದ ಹಣಕಾಸಿನವರು, ಹಳೆಯ ಫೈಲುಗಳನ್ನು ಆರು ತಿಂಗಳು ಯಾರೂ ತಮ್ಮ ಮುಂದೆ ತರಕೂಡದು ಎಂದು ಮೊದಲ ಆದೇಶ ಹೊರಡಿಸಿದರು.

ಹೊರಡುವಾಗ ಸೂಪರಿಂಟೆಂಡೆಂಟರು ಉಗ್ರಾಣದಿಂದ ಮತ್ತೆ ಒಂಬತ್ತು ಖಾಲಿ ಹಲಗೆಗಳನ್ನು ತರಿಸಿ ಅವನ ಕೈಗಿಟ್ಟರು. "ಶೌಚಾಲಯದ್ದು ಹಾಗೇ ಉಳೀತಲ್ಲ. ನಾಳೆ ಉದ್ಘಾಟನೆ. ಇನ್ನೂ ಸುಣ್ಣ ಒಣಗಿಲ್ಲ, ಮನೆಗೇ ತಗೊಂಡು ಹೋಗು."

ಆಟೋದಲ್ಲಿ ಹಲಗೆಗಳನ್ನು ತಬ್ಬಿಕೊಂಡು ಕುಳಿತ ಬೋರ್ಡಣ್ಣನಿಗೆ ಮೊದಲು ದುಃಖ ಬಂತು. ಹೆಂಡತಿಗೆ ಏನು ಹೇಳುವುದು, ಮಕ್ಕಳ ಶಾಲೆಗೆ ಏನು ಮಾಡುವುದು ಎಂದು ಲೆಕ್ಕ ಹಾಕಿದ. ತನ್ನ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಒಂದು ಯೋಚನೆ ಹೊಳೆಯಿತು. ಅದು ಹೊಳೆದದ್ದಕ್ಕೆ ಅವನಿಗೇ ಸ್ವಲ್ಪ ನಾಚಿಕೆಯಾಯಿತು. ತಾನು ನಿಜವನ್ನೇ ಹೇಳಿದಾಗಲೂ ಒಂಬತ್ತು ಸಚಿವರು ಅಲ್ಲಾಡಿದರೆಂದರೆ, ಒಂದು ಸಣ್ಣ ಸುಳ್ಳು ಹೇಳಿದರೆ? ಎಲ್ಲರೂ ರಾತ್ರಿಯೇ ಗಾಬರಿಯಾಗಿ ಪ್ರಧಾನಿಗಳ ಮನೆಗೆ ಓಡುತ್ತಾರೆ. ರೇಗಿದ ಪ್ರಧಾನಿಗಳು, ನಿಮ್ಮ ನಿಮ್ಮ ಹಳೆಯ ಕುರ್ಚಿಗೇ ಹೋಗಿ ಸಾಯಿರಿ ಎನ್ನುತ್ತಾರೆ. ಹತ್ತು ಗಂಟೆಗೆ ಮೊದಲೇ ಹಳೆಯ ಕಾಮಗಾರಿ ಸಚಿವರು ಹಳೆಯ ಮೇಜಿಗೆ ಬರುತ್ತಾರೆ. ಈ ಸಲ ಪೆನ್ನನ್ನು ಮನೆಯಿಂದಲೇ ಒಯ್ದರಾಯಿತು.

ಏಜೆಂಟರು ಗೇಟಿನ ಬಳಿಯೇ ನಿಂತಿದ್ದರು. ಬೋರ್ಡಣ್ಣ ಬೇಕೆಂದೇ ಬೆಡ್‌ಶೀಟು ಸರಿಸಿ, ಹಲಗೆಗಳನ್ನು ಒಂದೊಂದಾಗಿ ಅವರಿಗೆ ಕಾಣುವಂತೆ ಇಳಿಸಿದ.

"ಮತ್ತೆ ಒಂಬತ್ತಾ ಬೋರ್ಡಣ್ಣ?"

ಬೋರ್ಡಣ್ಣ ಆಚೆ ಈಚೆ ನೋಡಿದ. ಹತ್ತಿರ ಬಂದು ಪಿಸುಗುಟ್ಟಿದ. "ಒಂಬತ್ತೂ ಸಚಿವರದ್ದೇ. ಇವತ್ತಿನ ಬದಲಾವಣೆ ಬರೀ ತೋರಿಕೆಗೆ. ಅಸಲಿದ್ದು ನಾಳೆ ಬೆಳಿಗ್ಗೆ. ಯಾರಿಗೂ ಹೇಳ್ಬೇಡಿ. ನಿಮ್ಮ ಷಡ್ಡಕರಿಗಂತೂ ಹೇಳ್ಲೇಬೇಡಿ."

ಏಜೆಂಟರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸಾಕು ಮಾಡಿ ಬೋರ್ಡಣ್ಣ! ನಿಮ್ಮ ಮನೆಯವರು ನಾಲ್ಕು ಗಂಟೆಯಿಂದ ಬೀದಿಯ ಒಂದು ಮನೇನೂ ಬಿಡದೆ ಹೇಳ್ಕೊಂಡು ಬಂದಿದ್ದಾರೆ, ಶೌಚಾಲಯದ್ದು ಅಂತ. ನೀವು ಮನೇಲಿ ಬಿಟ್ಟು ಹೋಗಿದ್ದ ಆರ್ಡರ್ ಕಾಪಿ ಸಮೇತ ತೋರಿಸಿದ್ರು. ನಮ್ಮ ಷಡ್ಡಕನಿಗೂ ಆಗಲೇ ಫೋನ್ ಮಾಡಿ ಹೇಳಾಯ್ತು. ಅವನು ಅವರ ಸಾಹೇಬರಿಗೆ ಹೇಳಿದ್ನಂತೆ."

ಬೋರ್ಡಣ್ಣ ಕೊನೆಯ ಹಲಗೆಯನ್ನು ಎದೆಗವಚಿಕೊಂಡು ನಿಂತ. ಒಳಗಿನಿಂದ ಹೆಂಡತಿಯ ಧ್ವನಿ ಕೇಳಿಸಿತು, "ರೀ, ಬಂದ್ರಾ? ಎಲ್ಲ ಸರಿ ಮಾಡಿದ್ದೀನಿ!"

ಏಜೆಂಟರು ಕಣ್ಣೊರೆಸಿಕೊಂಡು ಅವನ ಭುಜ ತಟ್ಟಿದರು.

"ಅಂದ ಹಾಗೆ, ಹೇಗಿದ್ರೂ ಬರೀತೀರಲ್ಲ, ನಮ್ಮನೆ ಶೌಚಾಲಯಕ್ಕೂ ಒಂದು ಬರ್ಕೊಡಿ. ನೆಂಟರು ಬಂದ್ರೆ ಬಾಗಿಲು ಯಾವುದು ಅಂತ ಗೊತ್ತಾಗ್ದೆ ಬಹಳ ಕಷ್ಟ ಪಡ್ತಾರೆ."